ಬೆಳಕು ಸಾಕೇನ್ರಿ, ಮಾಸ್ತರ್ರ?

ಕನ್ನಡದಲ್ಲಿ ‘ಸಾಕು’ ಎನ್ನುವಷ್ಟು ನಂಬಿಕೆಗೆಟ್ಟ ಮಾತು ಇನ್ನೊಂದಿಲ್ಲ. ನಮ್ಮ ಬಸವಕಲ್ಯಾಣದ ಕಡೆ ಊಟಕ್ಕೆ ಕುಳಿತ ಬೀಗರು ‘ಸಾಕ್ರಿ, ಸಾಕ್ರಿ’ ಎಂದರೆ ಇನ್ನೆರಡು ರೊಟ್ಟಿ ಹಾಕಿರಿ ಎಂದೇ ಅರ್ಥ. ಮಾತು ನಂಬಿ ಹಾಕದೆ ಬಿಟ್ಟರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಭಾಷಣಕಾರ ‘ಇಷ್ಟು ಹೇಳಿ ಸಾಕು ಮಾಡುತ್ತೇನೆ’ ಎಂದಾಗ ಅನುಭವಸ್ಥರು ಕಾಲು ನೀಡಿ ಗೋಡೆಗೆ ಒರಗಿಕೊಳ್ಳುತ್ತಾರೆ. ಇಂಥ ಮಾತನ್ನು ಅಳತೆಗೋಲು ಮಾಡಿಕೊಂಡು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ನನ್ನ ಮನೆಯ ಮಾಳಿಗೆಯ ಮೇಲೆ ಹುಟ್ಟುವ ಕರೆಂಟು ಸಾಕೋ ಸಾಲದೋ ಎಂದು ನಿರ್ಣಯಿಸಲು ಹೋಗಿ ಕೆಟ್ಟೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೈದರಾಬಾದಿಗೆ ಹೋದವನು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಗೇಣುದ್ದದ ಟ್ಯೂಬ್‌ಲೈಟು ಇಷ್ಟನ್ನೂ ಹೊತ್ತುಕೊಂಡು ಬಸ್ಸಿನಲ್ಲಿ ಬಂದೆ. ಬಿಸಿಲಿದ್ದಷ್ಟು ಕರೆಂಟು ಎಂದು ಅಂಗಡಿಯವನು ಹೇಳಿದ್ದ. ನಮ್ಮ ಊರಲ್ಲಿ ಧಾರಾಳವಾಗಿ ಸಿಗುವುದು ಬಿಸಿಲೊಂದೇ. ಹಾಗಾಗಿ ನಾನು ಇಡೀ ಓಣಿಗೆ ಬೆಳಕು ಕೊಡುವ ದೊಡ್ಡ ಮನುಷ್ಯನಾಗುವ ಕನಸು ಕಾಣುತ್ತ ಹುಮನಾಬಾದ್ ದಾಟಿದೆ. ದೀಪ ಮೊದಲ ಸಂಜೆ ಬೆಳ್ಳಗೆ ಉರಿಯಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದರ ಗುಣ ಗೊತ್ತಾಯಿತು. ಹೊತ್ತಿಸಿದಾಗ ಬಿಳಿ, ರೊಟ್ಟಿ ಬಡಿಯುವ ಹೊತ್ತಿಗೆ ಹಳದಿ, ಊಟಕ್ಕೆ ಕುಳಿತಾಗ ತಟ್ಟೆ ಯಾವುದು ನೆಲ ಯಾವುದು ಎಂದು ಕೈಯಿಂದ ತಡವಿ ನೋಡಬೇಕು.

ಕಂಬದ ಕರೆಂಟಿಗೆ ಈ ವಿಚಾರಣೆ ಇಲ್ಲ ನೋಡಿ. ಅದು ದಿನಕ್ಕೆ ಎಷ್ಟು ಸಲ ಹೋದರೂ, ಸಂಜೆಯಂತೂ ತಪ್ಪದೆ ಹೋದರೂ, ಇಡೀ ಓಣಿ ಒಂದೇ ದನಿಯಲ್ಲಿ ‘ಹೋಯ್ತೂ’ ಎನ್ನುತ್ತದೆ, ಬಂದರೆ ‘ಬಂತೂ’ ಎಂದು ಮಕ್ಕಳು ಕುಣಿಯುತ್ತಾರೆ. ಅದು ಸಾಕೇ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ನನ್ನ ಪ್ಲೇಟನ್ನು ಮಾತ್ರ ಪರೀಕ್ಷಿಸಲು ಬಂದವರೇ ಬಂದವರು. ಪಕ್ಕದ ಮನೆಯವರು ಮಾಳಿಗೆ ಹತ್ತಿ ಪ್ಲೇಟಿನ ಮೇಲೆ ಅಂಗೈ ಇಟ್ಟು ಚುರ್ ಎಂದು ತೆಗೆದು, “ಹಂಚಿನಂಗ ಕಾದೈತ್ರಿ ಮಾಸ್ತರ್ರ, ಕರೆಂಟ್ ಭರ್ಪೂರ್ ಹುಟ್ಟಾಕತ್ತೈತಿ” ಎಂದು ಪ್ರಮಾಣಪತ್ರ ಕೊಟ್ಟರು. ಕಾದರೆ ಕರೆಂಟು ಹುಟ್ಟುವುದಾದರೆ ನಮ್ಮೂರಿನ ಬಸ್‌ಸ್ಟ್ಯಾಂಡಿನ ತಗಡಿನಿಂದ ಹೈದರಾಬಾದಿಗೇ ದೀಪ ಹಚ್ಚಬಹುದಿತ್ತು. ಇಂಥ ಅಜ್ಞಾನ ಕಂಡು ಮರುಕಪಟ್ಟು ನಾನು ಶಾಲೆಯ ಪ್ರಯೋಗಶಾಲೆಯಿಂದ ವೋಲ್ಟ್‌ಮೀಟರ್ ತಂದೆ. ಮಟಮಟ ಮಧ್ಯಾಹ್ನ ತಲೆಗೆ ಟವೆಲು ಸುತ್ತಿಕೊಂಡು ತಂತಿ ಹಚ್ಚಿದರೆ ಮುಳ್ಳು ಟಣ್ಣನೆ ಜಿಗಿಯಿತು. ನಾನೂ ಜಿಗಿದೆ. ಬರಿದೇ ಮುಳ್ಳು ಜಿಗಿದ ಮಾತ್ರಕ್ಕೆ ದೀಪಕ್ಕೆ ಬೇಕಾದಷ್ಟು ಕರೆಂಟು ಬರುತ್ತಿದೆ ಎಂದಲ್ಲ ಎಂಬುದನ್ನು ನಾನೇ ವರ್ಷವರ್ಷ ಕರಿಹಲಗೆಯ ಮೇಲೆ ಬರೆದು, ತಿಳಿಯದ ಹುಡುಗರ ಕಿವಿ ಹಿಂಡಿದ್ದೇನೆ. ಆದರೆ ಸ್ವಂತ ಮಾಳಿಗೆಯ ಮೇಲೆ ವಿಜ್ಞಾನ ನೆನಪಾಗುವುದಿಲ್ಲ.

ಇಷ್ಟೇ ಆಗಿದ್ದರೆ ಮನೆಯ ಮಾತು ಮನೆಯಲ್ಲೇ ಉಳಿಯುತ್ತಿತ್ತು. ಆದರೆ ನನಗೊಬ್ಬ ಷಡ್ಡಕನಿದ್ದಾನೆ, ಹೆಂಡತಿಯ ಅಕ್ಕನ ಗಂಡ. ಹುಮನಾಬಾದಿನ ಗಂಜ್ ಮಾರುಕಟ್ಟೆಯಲ್ಲಿ ಅವನದು ದಿನಸಿ ವ್ಯಾಪಾರ. ಕಾಳನ್ನು ಅಂಗೈಯಲ್ಲಿ ಹಿಡಿದು ಧಾರಣೆ ಹೇಳಬಲ್ಲನಾದ್ದರಿಂದ ಜಗತ್ತಿನ ಎಲ್ಲದರ ಬೆಲೆಯೂ ತನಗೆ ಗೊತ್ತು ಎಂದು ತಿಳಿದ ಪ್ರಾಣಿ. ಅವನು ನನ್ನ ಮಾಳಿಗೆ ನೋಡಿ, “ಪ್ಲೇಟ್ ಏನೋ ಹಾಕೀರಿ ಮಾಸ್ತರ್ರ, ಊಟ ಯಾವಾಗ ಬಡಸ್ತೀರಿ?” ಎಂದ. ಆ ಮಾತನ್ನು ಹುಮನಾಬಾದಿನಿಂದ ಮುಡಬಿಯವರೆಗೆ ಹಂಚಿದ. ಮುಡಬಿಯಲ್ಲಿ ನಮ್ಮ ಮಾವನವರಿದ್ದಾರೆ. ಅವರ ಹೊಲದ ಮನೆಗೆ ಕಂಬದ ಕರೆಂಟು ಬಂದಿರಲಿಲ್ಲ. ಪ್ಲೇಟು ಹಾಕಿಸಬೇಕೋ ಬೇಡವೋ ಎಂದು ಅವರು ಯೋಚಿಸುತ್ತಿದ್ದರು. ಒಬ್ಬ ಅಳಿಯ ಸಾಕು ಎನ್ನುತ್ತಾನೆ, ಇನ್ನೊಬ್ಬ ಸಾಲದು ಎನ್ನುತ್ತಾನೆ. ಬಂದು ಕಣ್ಣಾರೆ ನೋಡುತ್ತೇನೆ ಎಂದು ಹೇಳಿ ಕಳಿಸಿದರು. ಮಾವನ ಮನೆಯಲ್ಲಿ ನಾನು ವಿಜ್ಞಾನಿಯೋ ಪೆದ್ದನೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು.

ನಾನು ತಯಾರಿ ನಡೆಸಿದೆ. ಬ್ಯಾಟರಿ ತುಂಬಲೆಂದು ಒಂದು ವಾರ ದೀಪ ಹಚ್ಚಗೊಡಲಿಲ್ಲ. ಸ್ವಂತ ಕರೆಂಟು ಹುಟ್ಟುವ ಮನೆಯಲ್ಲಿ ಕಂದೀಲಿಟ್ಟುಕೊಂಡು ಕೂತೆವು. ಮಾವನವರು ಬರುವ ದಿನ ಹೆಂಡತಿ ಮಹಾನಂದಾ ಹಗಲಲ್ಲೇ ಮೊರ ಹಿಡಿದು ಅಂಗಳಕ್ಕೆ ಹೊರಟಿದ್ದಳು. ಅಡ್ಡ ನಿಂತೆ.

“ಅಕ್ಕಿ ಸಂಜಿಗೆ ಹಸನ ಮಾಡು. ನಿಮ್ಮಪ್ಪಾರು ಬಂದು ಕುಂತ ಮ್ಯಾಲ, ಅವರ ಎದುರಿಗೇ, ನಮ್ಮ ದೀಪದ ಕೆಳಗ.”

“ಅದರಾಗ ಕಲ್ಲು ಹಳ್ಳು ಭಾಳ ಅದಾವ್ರಿ. ನನಗ ಕಾಣೂದುಲ್ಲ.”

“ಕಾಣ್ತದ. ವೋಲ್ಟ್‌ಮೀಟರ್ ನೋಡೇನಿ.”

ಅವಳು ನನ್ನನ್ನು ಒಮ್ಮೆ ನೋಡಿ ಮೊರವನ್ನು ಗೋಡೆಗೆ ಆನಿಸಿಟ್ಟಳು.

ಸಂಜೆ ಎಲ್ಲ ನಾನಂದುಕೊಂಡಂತೆಯೇ ನಡೆಯಿತು. ಕರೆದಿರದ ಷಡ್ಡಕನೂ ಮಾವನವರ ಬೆನ್ನಿಗೆ ಬಂದಿದ್ದ. ದೀಪ ಬೆಳ್ಳಗೆ ಉರಿಯಿತು, ಮಹಾನಂದಾ ಅದರ ಕೆಳಗೆ ಕುಳಿತು ಅಕ್ಕಿ ಆರಿಸಿದಳು, ಮಾವನವರು ತಲೆಯೆತ್ತಿ ನೋಡಿ “ಛಲೋ ಐತಲ್ಲ” ಎಂದರು. ಷಡ್ಡಕನ ಮುಖ ಬಾಡಿದ್ದನ್ನು ಕಂಡು ನನಗಾದ ಸುಖವನ್ನು ಮುಚ್ಚಿಡುವುದಿಲ್ಲ. ಒಂದು ವಾರದ ಕತ್ತಲೆ ಸಾರ್ಥಕವಾಯಿತು ಎಂದುಕೊಂಡು ಊಟಕ್ಕೆ ಕುಳಿತೆ.

ಮಾವನವರು ಅನ್ನ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಕಟಕ್ ಎಂದಿತು. ಅವರಿಗೆ ಇದ್ದ ಹಲ್ಲುಗಳೇ ಕೆಲವು. ಅವುಗಳಲ್ಲಿ ಒಂದನ್ನು ಹುಡುಕಿಕೊಂಡು ಹೋದಂತೆ ಹರಳು ಸಿಕ್ಕಿತ್ತು. ಎರಡನೆಯ ತುತ್ತಿಗೂ ಕಟಕ್. ನಾನು ಸದ್ದಾಗದಿರಲೆಂದು ನನ್ನ ಪಾಲಿನ ಹರಳುಗಳನ್ನು ಇಡಿಯಾಗಿ ನುಂಗತೊಡಗಿದೆ. ಷಡ್ಡಕ ಮಾತ್ರ ತನ್ನದನ್ನು ಬೆರಳಲ್ಲಿ ಎತ್ತಿ ಹಿಡಿದು ದೀಪಕ್ಕೆ ತೋರಿಸಿ, “ಅಕ್ಕೀದು ತಪ್ಪಿಲ್ಲ ಬಿಡ್ರಿ ಮಾವಾರ. ಅಕ್ಕಿ ಅಂದ್ರ ಹಳ್ಳು ಇರ್ತಾವ. ಆರಸಾಕ ಬೆಳಕ ಬೇಕು” ಎಂದ.

ಮಾವನವರು ಒಳ್ಳೆಯ ಮನುಷ್ಯರು. ಅಳಿಯನ ದೀಪಕ್ಕೆ ಅವಮಾನವಾಗಬಾರದೆಂದು ಮಗಳ ಕಡೆ ತಿರುಗಿ ಮೆಲ್ಲಗೆ, “ಬೆಳಕೇನೋ ಐತಿ. ನಿನ್ನ ಕಣ್ಣ ಮಂದ ಆಗ್ಯಾವೇನ ಯವ್ವಾ?” ಎಂದು ಕೇಳಿದರು.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಾನು ಹಿಂದೆ ಮುಂದೆ ನೋಡದೆ, “ಹೌದ್ರಿ ಮಾವಾರ, ಈಗೀಗ ಅಕಿ ಕಣ್ಣು ಭಾಳ ಮಂದ ಆಗ್ಯಾವ. ನಾನೂ ಚಷ್ಮಾ ಕೊಡಸಬೇಕಂತ ಮಾಡೇನಿ” ಎಂದುಬಿಟ್ಟೆ.

ಮಹಾನಂದಾ ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟಳು. ದನಿ ಏರಿಸಲಿಲ್ಲ.

“ಈಗ ಆಗಿಲ್ಲ ಯಪ್ಪಾ, ಮೊದಲಿಂದಾನೂ ಮಂದ ಅದಾವ. ಇವರನ್ನ ನೋಡಿ ಹೂಂ ಅಂದ್ನೆಲ್ಲ, ಆವತ್ತೇ ನಿನಗ ತಿಳೀಬೇಕಿತ್ತು.”

ಮಾವನವರು, ಷಡ್ಡಕ ಇಬ್ಬರೂ ಒಟ್ಟಿಗೆ ತಲೆಯೆತ್ತಿ ನನ್ನ ಮುಖ ನೋಡಿದರು. ನೋಡಿಯೇ ನೋಡಿದರು. ದಿನಾ ಈ ಹೊತ್ತಿಗೆ ಮಂಕಾಗಿ ಹೋಗುತ್ತಿದ್ದ ದೀಪ ಅಂದು ಬೆಳ್ಳಗೆ ಉರಿಯುತ್ತಲೇ ಇತ್ತು. ಅದು ಇಷ್ಟೊಂದು ಬೆಳಕು ಕೊಡಬಾರದಾಗಿತ್ತು ಎಂದು ನನಗನಿಸಿದ್ದು ಅದೇ ಮೊದಲು.