ಬಂಗಾರದ ಪಟ್ಟಿಯ ಲೈಸೆನ್ಸು

ತೊಕುನಾಗಾ ಪ್ರತಿ ಭಾನುವಾರ ಆ ಕಾರನ್ನು ತೊಳೆಯದೆ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಕಾರು ಅವನ ಹೆಂಡತಿ ಫುಮಿಯೆಯದು. ಅಲ್ಲಿ ಪುಟ್ಟ ಕಾರುಗಳಿಗೆಲ್ಲ ಇರುವ ಹಳದಿ ನಂಬರ್ ಪ್ಲೇಟಿನ, ತಿಳಿಹಸಿರು ಬಣ್ಣದ ಕಾರು. ದೂರದಿಂದ ನೋಡಿದರೆ ಅಂಗಳದಲ್ಲಿ ಯಾರೋ ಅಕ್ಕಿಯ ಮೋಚಿ ಉಂಡೆಯೊಂದನ್ನು ಇಟ್ಟು ಮರೆತ ಹಾಗೆ ಕಾಣುತ್ತಿತ್ತು. ವಸಂತದಲ್ಲಿ ಫುಮಿಯೆ ತೀರಿಕೊಂಡ ಮೇಲೆ ಅದು ನಿಂತಲ್ಲೇ ನಿಂತಿತ್ತು. ತೊಕುನಾಗಾ ಭಾನುವಾರ ಬೆಳಗ್ಗೆ ಅದನ್ನು ತೊಳೆದು, ಒರೆಸಿ, ಮಿರಮಿರ ಮಿಂಚಿಸಿ, ಆಮೇಲೆ ಬಾಗಿಲು ತೆರೆದು ಒಳಗೆ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದ. ಕೂರುತ್ತಿದ್ದುದು ಎಡಗಡೆಯ ಸೀಟಿನಲ್ಲಿ. ಅವನ ಜಾಗ ಯಾವಾಗಲೂ ಅದೇ. ಬಲಗಡೆ ಕೂತು ಓಡಿಸುತ್ತಿದ್ದವಳು ಫುಮಿಯೆ. ಎದುರು ಮನೆಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದ ವಾಕಿಸಾಕಾ ಎಂಬಾಕೆ ಇದನ್ನೆಲ್ಲ ವಾರವಾರವೂ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಯಾವ ಸೀಟು ಎಂಬುದನ್ನು ಮಾತ್ರ ನೋಡಲಿಲ್ಲ. ಪಾಪ, ಕಾರು ಓಡಿಸುವ ಆಸೆಯಿಂದ ಮನುಷ್ಯ ಒಳಗೊಳಗೇ ಕೊರಗುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಅವಳ ತೀರ್ಮಾನ ಕೇರಿಗೆಲ್ಲ ತಿಳಿಯಲು ಇಬ್ಬರ ತಲೆಗೂದಲು ಕತ್ತರಿಸುವಷ್ಟು ಹೊತ್ತು ಸಾಕಾಯಿತು.

ನಿಜ ಸಂಗತಿ ಬೇರೆಯೇ ಇತ್ತು. ತೊಕುನಾಗಾ ತನ್ನ ಆಯುಷ್ಯದ ಬಹುಭಾಗವನ್ನು ಕರಾವಳಿಯ ರೈಲಿನಲ್ಲಿ ಗಾರ್ಡ್ ಆಗಿ ಕಳೆದವನು. ಪ್ರಾಯದಲ್ಲಿ ಎಲ್ಲರೂ ಮಾಡಿಸುತ್ತಾರೆಂದು ಡ್ರೈವಿಂಗ್ ಲೈಸೆನ್ಸು ಮಾಡಿಸಿದ್ದ. ಪರೀಕ್ಷೆ ಪಾಸಾದ ದಿನ ಸ್ಟಿಯರಿಂಗಿನಿಂದ ತೆಗೆದ ಕೈಯನ್ನು ಮತ್ತೆ ಅದರ ಮೇಲೆ ಇಟ್ಟಿರಲಿಲ್ಲ. ವರ್ಷಗಟ್ಟಲೆ ಒಂದೂ ತಪ್ಪಿಲ್ಲದವರ ಲೈಸೆನ್ಸಿಗೆ ಬಂಗಾರ ಬಣ್ಣದ ಪಟ್ಟಿ ಬರುತ್ತದೆ. ಓಡಿಸದೆ ಇರುವವನು ತಪ್ಪು ಮಾಡುವುದಾದರೂ ಹೇಗೆ? ಪ್ರತಿ ಸಲ ಹೊಸದು ಮಾಡಿಸುವಾಗಲೂ ಆ ಪಟ್ಟಿ ತಾನಾಗಿ ಬಂದು ಕೂರುತ್ತಿತ್ತು. ಹಿಂದಿನ ವರ್ಷ ರಸ್ತೆ ಸುರಕ್ಷತೆಯ ಸಭೆಯಲ್ಲಿ ಕೇರಿ ಸಂಘದ ಅಧ್ಯಕ್ಷ ನುಮಾಜಿರಿ, ಬಂಗಾರದ ಪಟ್ಟಿ ಇರುವವರು ಕೈ ಎತ್ತಿ ಎಂದಾಗ, ಸುಳ್ಳು ಹೇಳಲು ಬಾರದ ತೊಕುನಾಗಾ ಕೈ ಎತ್ತಿಬಿಟ್ಟಿದ್ದ. ಅಂದಿನಿಂದ ಕೇರಿಯವರು ಅವನಿಗೆ ಒಂದಿಷ್ಟು ಹೆಚ್ಚು ತಲೆ ಬಾಗಿಸುತ್ತಿದ್ದರು.

ಇದೆಲ್ಲ ನಡೆದ ದಿನ ಫುಮಿಯೆಯ ತಿಂಗಳ ತಿಥಿ. ಬೆಳಗ್ಗೆ ಅತ್ತೆ ಕಿನುಯೊ ಅವರು ಫೋನು ಮಾಡಿದರು. ಎಂಬತ್ತು ದಾಟಿದ ಮುದುಕಿ. ಕೆಳಗಿನ ಬೀದಿಯಲ್ಲಿ ಒಬ್ಬರೇ ಇದ್ದರು. ತಿಂಗಳು ತಿಂಗಳೂ ಇಬ್ಬರೂ ಬಸ್ಸಿನಲ್ಲಿ ಬೆಟ್ಟದ ಮೇಲಿನ ಗುಡಿಗೆ ಹೋಗಿ ಬರುವುದು ವಾಡಿಕೆ.

“ಅಳಿಯಂದ್ರೇ, ಇವತ್ತು ಬಸ್ಸು ಬೇಡ,” ಎಂದರು ಅತ್ತೆ. “ಯಾಕೋ ಒಂದ್ಸಲ ನನ್ನ ಮಗಳ ಕಾರಲ್ಲಿ ಕೂತು ಹೋಗ್ಬೇಕು ಅನ್ನಿಸ್ತಾ ಇದೆ. ನೀವು ಕರ್ಕೊಂಡು ಹೋಗ್ತೀರಲ್ವಾ?”

ಮಗಳು ಹೋದ ಮೇಲೆ ಆ ಮುದುಕಿ ಅವನನ್ನು ಏನೊಂದೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು ಇದು. ತೊಕುನಾಗಾನ ಬಾಯಿಂದ ‘ಆಗ್ಲಿ ಅತ್ತೆ’ ಎಂಬ ಮಾತು ಹೊರಬಿದ್ದೇಬಿಟ್ಟಿತು. ಇಲ್ಲವೆಂದರೆ ಅತ್ತೆಯ ಮನಸ್ಸು ಮುರಿಯುತ್ತದೆ. ಹೂಂ ಎಂದರೆ ಅತ್ತೆಯ ಎಲುಬೇ ಮುರಿದೀತು. ಹಾಗೇನಾದರೂ ಆದರೆ, ಒಳಗಿನ ಕೋಣೆಯಲ್ಲಿ ಬುದ್ಧನ ಮುಂದೆ ಚಿತ್ರವಾಗಿ ಕೂತಿರುವ ಫುಮಿಯೆಗೆ ಯಾವ ಮುಖ ತೋರಿಸುವುದು? ಅವನು ಅವಳ ಮುಂದೆ ಧೂಪ ಹಚ್ಚಿ, ಇದೊಂದು ದಿನ ಅತ್ತೆಯನ್ನು ಸುರಕ್ಷಿತವಾಗಿ ಕರೆದೊಯ್ದು ಕರೆತರುತ್ತೇನೆ, ನಾಳೆಯಿಂದ ಇದರ ತಂಟೆಗೆ ಹೋಗುವುದಿಲ್ಲ ಎಂದು ಕೈ ಮುಗಿದು ಹೊರಗೆ ಬಂದ.

ಕೀ ತಿರುಗಿಸಿದ. ಕಾರು ಟಿಕ್ ಎಂದು ನಾಲಗೆ ಲೊಚಗುಟ್ಟಿದಂತೆ ಮಾಡಿ ಸುಮ್ಮನಾಯಿತು. ತೊಕುನಾಗಾನಿಗೆ ಸ್ವರ್ಗ ಕಂಡಷ್ಟು ಸಂತೋಷವಾಯಿತು. ಕೆಟ್ಟಿದೆ ಎಂದು ಹೇಳಿ ಬಸ್ಸಿಗೆ ಹೋದರಾಯಿತು ಎಂದು ಇಳಿದರೆ, ಗೇಟಿನ ಬಳಿ ನುಮಾಜಿರಿ ಆಗಲೇ ಬಂದು ನಿಂತಿದ್ದ. ಮತ್ತೊಬ್ಬರ ಕಾರು ಕೆಟ್ಟರೆ ಅವನಿಗೆ ಹಬ್ಬ.

“ಬ್ಯಾಟರಿ ಸತ್ತಿದೆ,” ಎಂದ ನುಮಾಜಿರಿ. “ನಿಂತ ಕಾರಿಗೆ ಅದೇ ರೋಗ. ವಾರಕ್ಕೊಂದ್ಸಲ ಅರ್ಧ ಗಂಟೆ ಓಡಿಸ್ಬೇಕು. ನಿಮ್ಗೆ ನಾನು ಹೇಳೋದೇ, ಬಂಗಾರದ ಪಟ್ಟಿಯವ್ರಿಗೆ.”

ಹೇಳುವುದೇ ಎಂದವನು ಮುಂದಿನ ಅರ್ಧ ಗಂಟೆ ಹೇಳುತ್ತಲೇ ಇದ್ದ. ತನ್ನ ವ್ಯಾನನ್ನು ತಂದು ಮೂತಿಗೆ ಮೂತಿ ನಿಲ್ಲಿಸಿದ. ಕೆಂಪು ವೈರು ಮೊದಲು ಸತ್ತ ಬ್ಯಾಟರಿಗೆ, ಆಮೇಲೆ ಬದುಕಿರುವುದಕ್ಕೆ. ಕಪ್ಪು ವೈರಿನ ಕೊನೆಯ ತುದಿಯನ್ನು ಬ್ಯಾಟರಿಗೆ ಕೊಡದೆ ಇಂಜಿನ್ನಿನ ಬರೀ ಕಬ್ಬಿಣಕ್ಕೆ ಕಚ್ಚಿಸಬೇಕು, ಇಲ್ಲದಿದ್ದರೆ ಕಿಡಿ ಹಾರಿ ಹುಬ್ಬು ಸುಡುತ್ತದೆ ಎಂದು ವಿವರಿಸುತ್ತ ಕಚ್ಚಿಸಿದ. ಅಷ್ಟರಲ್ಲಿ ವಾಕಿಸಾಕಾ ಏಪ್ರನ್ನಿನಲ್ಲೇ ಓಡಿ ಬಂದು ವೈಪರಿನ ರಬ್ಬರು ಗಾಜಿಗೆ ಅಂಟಿಕೊಂಡಿದೆ ಎಂದು ಕಂಡುಹಿಡಿದಳು. ಟಯರುಗಳಲ್ಲಿ ಗಾಳಿ ಇಳಿದದ್ದನ್ನು ನುಮಾಜಿರಿ ಒದ್ದು ನೋಡಿ ಹೇಳಿ, ಮನೆಯಿಂದ ಪಂಪು ತಂದು ನಾಲ್ಕಕ್ಕೂ ತುಂಬಿದ. ಕಾರು ಕೆಮ್ಮಿತು, ಕ್ಯಾಕರಿಸಿತು, ಗುರ್ ಎಂದಿತು.

“ಇನ್ನು ಗುಡಿ ಮುಟ್ಟೋ ತನಕ ಆರಿಸ್ಬೇಡಿ. ನಡುದಾರೀಲಿ ಆರಿಸಿದ್ರೆ ಮತ್ತೆ ಏಳಲ್ಲ,” ಎಂದ ನುಮಾಜಿರಿ, ತನ್ನ ವ್ಯಾನನ್ನು ಪಕ್ಕಕ್ಕೆ ತೆಗೆದು.

ತೊಕುನಾಗಾ ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎಂದುಕೊಂಡು ಬಾಯಿಬಿಟ್ಟ. “ನುಮಾಜಿರಿಯವ್ರೇ, ನಿಜ ಹೇಳ್ತೀನಿ. ನನಗೆ ಕಾರು ಓಡಿಸೋಕೆ ಬರಲ್ಲ.”

ನುಮಾಜಿರಿ ಎರಡು ಹೆಜ್ಜೆ ಹಿಂದೆ ಸರಿದು ಸೊಂಟದವರೆಗೆ ಬಾಗಿ ವಂದಿಸಿದ. “ನೋಡಿದ್ರಾ ವಾಕಿಸಾಕಾ ಅವ್ರೇ, ಬಲ್ಲವರು ಮಾತಾಡೋ ರೀತಿ ಇದು. ನಮ್ಮ ಭಾವ ಇದ್ದಾನೆ, ಮೂರು ಸಲ ಗೋಡೆಗೆ ಗುದ್ದಿದ್ದಾನೆ, ತನ್ನಂಥ ಡ್ರೈವರಿಲ್ಲ ಅಂತಾನೆ.”

“ವಿನಯ ಅಂದ್ರೆ ವಿನಯ,” ಎಂದಳು ವಾಕಿಸಾಕಾ.

ಅವಳ ಮಗಳು ಹೊಸದಾಗಿ ಕಲಿಯುವಾಗ ಕಾರಿಗೆ ಅಂಟಿಸುತ್ತಿದ್ದ ಎಲೆಯ ಗುರುತನ್ನು ಒಂದು ದಿನದ ಮಟ್ಟಿಗೆ ಕೊಡಬಹುದೇ ಎಂದು ತೊಕುನಾಗಾ ಕೇಳಿದ. ವಾಕಿಸಾಕಾ ನಗು ತಡೆಯಲಾರದೆ ಗೇಟು ಹಿಡಿದುಕೊಂಡಳು. ಹೆಂಡತಿ ಹೋದ ಮೇಲೆ ಇವರು ಹಾಸ್ಯ ಮಾಡಿದ್ದು ಇದೇ ಮೊದಲು ಎಂದು ಅವಳ ಕಣ್ಣಂಚಿನಲ್ಲಿ ನೀರೂ ಬಂತು. ಗುರುತು ಮಾತ್ರ ಕೊಡಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಕೈಯಲ್ಲಿ ಬಟ್ಟೆಗಂಟು, ಬಿಳಿ ಸೇವಂತಿಗೆ, ಮಣಿಕಟ್ಟಿಗೆ ಜಪಮಾಲೆ. ಹಿಂದಿನ ಸೀಟಿನಲ್ಲಿ ಕೂತು, ಬೆಲ್ಟು ಬಿಗಿದುಕೊಂಡು, ಕಣ್ಣು ಮುಚ್ಚಿದರು.

ತೊಕುನಾಗಾ ಒಂದು ನಿಮಿಷ ಕಾರಿನ ಮುಂದೆ ನಿಂತ. ಕಾರಿನ ವಿದ್ಯೆ ಅವನಲ್ಲಿರಲಿಲ್ಲ. ಇದ್ದದ್ದು ರೈಲಿನ ವಿದ್ಯೆ ಒಂದೇ. ಅವನು ಮನೆಯೊಳಗೆ ಹೋಗಿ, ಮಡಿಸಿಟ್ಟಿದ್ದ ನೌಕರಿಯ ದಿನಗಳ ಬಿಳಿ ಕೈಗವಸು ತೊಟ್ಟು ಬಂದ. ಕಾರಿನ ಸುತ್ತ ನಡೆದು, ರೈಲಿನವರ ಪದ್ಧತಿಯಂತೆ ಒಂದೊಂದಕ್ಕೂ ಬೆರಳು ಚಾಚಿ, ಗಟ್ಟಿಯಾಗಿ ಕೂಗಿ ನೋಡಿದ. ಮುಂದಿನ ಚಕ್ರ, ಸರಿ. ದೀಪ, ಸರಿ. ಕೆಳಗೆ ಬೆಕ್ಕಿಲ್ಲ, ಸರಿ. ಒಳಗೆ ಕೂತು ಕನ್ನಡಿ, ಬೆಲ್ಟು, ಬ್ರೇಕು ಎಲ್ಲದಕ್ಕೂ ಹಾಗೆಯೇ ಮಾಡಿದ. ರಸ್ತೆಯ ಎಡಕ್ಕೆ ಬೆರಳು, ಬಲಕ್ಕೆ ಬೆರಳು. “ಹೊರಡುತ್ತಿದೆ,” ಎಂದು ಕೂಗಿ ಬ್ರೇಕು ಬಿಟ್ಟ. ನುಮಾಜಿರಿಗೆ ರೋಮಾಂಚನವಾಯಿತು. ಇಷ್ಟು ವರ್ಷ ಕಾರು ಓಡಿಸಿ ತಾನು ಒಂದು ದಿನವಾದರೂ ಕೆಳಗೆ ಬೆಕ್ಕಿದೆಯೇ ಎಂದು ನೋಡಿದ್ದಿಲ್ಲ ಎಂದು ವಾಕಿಸಾಕಾಳ ಬಳಿ ಮೆಲ್ಲಗೆ ಒಪ್ಪಿಕೊಂಡ.

ಮೊದಲ ತಿರುವಿನಲ್ಲಿ ತೊಕುನಾಗಾ ಇಂಡಿಕೇಟರ್ ಹಾಕಲು ಹೋಗಿ ವೈಪರು ಹಾಕಿದ. ಎರಡನೆಯದರಲ್ಲಿ ವೈಪರು ನಿಲ್ಲಿಸಲು ಹೋಗಿ ನೀರು ಚಿಮ್ಮಿಸಿದ. ಬಿಸಿಲಿನ ದಿನ, ತನ್ನದೇ ಮಳೆಗಾಲ ಹೊತ್ತ ಕಾರು ಬಸವನಹುಳುವಿನ ಹಾಗೆ ಸಾಗಿತು. ಹಿಂದೆ ಮೀನಿನ ಲಾರಿ, ಅದರ ಹಿಂದೆ ಅಂಚೆಯ ವ್ಯಾನು, ಅದರ ಹಿಂದೆ ಶಾಲೆಯ ಬಸ್ಸು. ಮದುವೆ ದಿಬ್ಬಣ ಹೊರಟಂತಿತ್ತು. ರಸ್ತೆ ಅಗಲವಾದಲ್ಲೆಲ್ಲ ಅವನು ಪಕ್ಕಕ್ಕೆ ಸರಿದು ನಿಂತು, ಎಲ್ಲರೂ ಮುಂದೆ ಹೋಗುವಾಗ ಒಬ್ಬೊಬ್ಬರಿಗೂ ತಲೆ ಬಾಗಿಸಿದ. ಸಿಗ್ನಲ್ಲು ಬಂದಾಗಲೆಲ್ಲ ಬೆರಳು ಚಾಚಿ, ಹಸಿರು, ಸರಿ ಎಂದು ಕೂಗಿದ. ಹಿಂದಿನ ಸೀಟಿನಿಂದ ಅತ್ತೆ ಬುದ್ಧನಿಗೆ ಶರಣೆಂದು ಜಪಿಸುವ ದನಿ ಒಂದೇ ಸಮನೆ ಕೇಳುತ್ತಿತ್ತು: ನಮು ಅಮಿದಾ ಬುತ್ಸು, ನಮು ಅಮಿದಾ ಬುತ್ಸು. ತಿರುವು ಬಂದಾಗ ದನಿ ಏರುತ್ತಿತ್ತು. ಎಂಥ ಭಕ್ತಿ, ಮಗಳ ನೆನಪು ಎಷ್ಟು ಉಕ್ಕಿ ಬರುತ್ತಿದೆಯೋ ಎಂದು ತೊಕುನಾಗಾನ ಕಣ್ಣು ಮಂಜಾಯಿತು. ಮಂಜಾದ ಕಣ್ಣಲ್ಲಿ ಓಡಿಸಬಾರದು ಎಂದು ಮತ್ತೆ ಪಕ್ಕಕ್ಕೆ ನಿಲ್ಲಿಸಿ ಒರೆಸಿಕೊಂಡ.

ರೈಲ್ವೆ ಗೇಟು ಬಂತು. ಗೇಟು ತೆರೆದೇ ಇತ್ತು. ತೊಕುನಾಗಾ ಗೆರೆಯ ಹಿಂದೆ ನಿಂತು, ಕಿಟಕಿ ಇಳಿಸಿ, ಕಿವಿಗೊಟ್ಟು ಕೇಳಿದ. ಗೇಟಿನ ಆಚೆ ತನ್ನ ಕಾರಿಗೆ ಜಾಗವಿದೆಯೇ ಎಂದೂ ನೋಡಿದ. ಮತ್ತೊಮ್ಮೆ ಕೇಳಿದ. ಹಿಂದಿನ ಕಾರಿನವನು ತಾಳ್ಮೆಗೆಟ್ಟು ಇಳಿದು ಬಂದ.

“ಏನಜ್ಜಾ, ಕಾರು ಕೆಟ್ಟಿದೆಯಾ?”

“ಇಲ್ಲಪ್ಪಾ,” ಎಂದ ತೊಕುನಾಗಾ. “ನಾನು ಆ ಕಡೆ ರೈಲಿನಲ್ಲಿದ್ದವನು. ಇಲ್ಲಿ ನಿಲ್ಲದೆ ನುಗ್ಗಿ ಬಂದವರ ಮುಖ ಅಲ್ಲಿಂದ ಚೆನ್ನಾಗಿ ಕಾಣುತ್ತೆ. ಆಮೇಲೆ ಮರೆಯೋಕೆ ಆಗಲ್ಲ.”

ಆ ಮನುಷ್ಯ ಹಳಿಗಳ ಕಡೆ ಒಮ್ಮೆ ನೋಡಿದ. ತನ್ನ ಕಾರಿಗೆ ಹಿಂದಿರುಗಿದ. ಗೇಟು ದಾಟಿದ ಮೇಲೆ ತೊಕುನಾಗಾ ಕನ್ನಡಿಯಲ್ಲಿ ನೋಡಿದರೆ, ಅವನೂ ಗೆರೆಯ ಹಿಂದೆ ನಿಂತು ಕಿಟಕಿ ಇಳಿಸುತ್ತಿದ್ದ.

ಬೆಟ್ಟ ಹತ್ತಿ ಗುಡಿಯ ಬಾಗಿಲು ಕಂಡಾಗ ತೊಕುನಾಗಾ ಸ್ಟೇಷನ್ನಿನಲ್ಲಿ ರೈಲು ನಿಲ್ಲಿಸುವ ಹಾಗೆ ಸರಿಯಾಗಿ ಹೊಸ್ತಿಲ ನೇರಕ್ಕೆ ನಿಲ್ಲಿಸಿದ. ನಿಲ್ಲಿಸಿದ್ದು ಅದ್ಭುತವಾಗಿತ್ತು, ಆದರೆ ಒಳಗಿದ್ದವರು ಹೊರಗೆ, ಹೊರಗಿದ್ದವರು ಒಳಗೆ ಹೋಗುವ ಹಾಗಿರಲಿಲ್ಲ. ಕಾರು ಹಿಂದಕ್ಕೂ ಹೋಗುತ್ತದೆ ಎಂದು ಅವನು ಕೇಳಿದ್ದ, ಅಷ್ಟೆ. ಅತ್ತೆ ಹೇಗೋ ಓರೆಯಾಗಿ ಇಳಿದು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಗುಡಿಯ ಗುರುಗಳು ರ್‍ಯೋಕಾಯಿ ಪೊರಕೆ ಹಿಡಿದು ಬಂದರು. ಕಾರನ್ನೂ ತೊಕುನಾಗಾನನ್ನೂ ನೋಡಿ ಕೀ ಇಸಿದುಕೊಂಡು, ಕಾರನ್ನು ಹಿಂದಕ್ಕೆ ತೆಗೆದು ಮರದ ಕೆಳಗೆ ನಿಲ್ಲಿಸಿ ಬಂದರು.

“ನಿಮಗೆ ಓಡಿಸೋಕೆ ಬರಲ್ಲ ಅಲ್ವಾ?” ಎಂದರು.

ಕೊನೆಗೂ ಅವನ ಮಾತನ್ನು ನಂಬುವ ಒಬ್ಬರು ಸಿಕ್ಕಿದ್ದರು. ತೊಕುನಾಗಾ ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ. ಇವತ್ತೇ ಅತ್ತೆಗೆ ನಿಜ ಹೇಳುತ್ತೇನೆ, ಅವರನ್ನು ಬಸ್ಸು ಹತ್ತಿಸಿ ಕಾರನ್ನು ಇಲ್ಲೇ ಬಿಟ್ಟು ಹೋಗುತ್ತೇನೆ, ಬೇಕಾದರೆ ಗುಡಿಗೇ ಇರಲಿ ಎಂದ.

ಗುರುಗಳು ಪೊರಕೆಯನ್ನು ಗೋಡೆಗೆ ಒರಗಿಸಿ ಅವನ ಪಕ್ಕದಲ್ಲಿ ಕೂತರು. “ಇದನ್ನ ನಾನು ಹೇಳಬಾರದು,” ಎಂದು ಶುರುಮಾಡಿದರು. “ನಿಮ್ಮ ಅತ್ತೆ ನಿನ್ನೆ ಫೋನು ಮಾಡಿದ್ರು. ಅವ್ರಿಗೆ ಕಾರು ಅಂದ್ರೆ ಹೆದರಿಕೆ, ಚಿಕ್ಕಂದಿನಿಂದ. ಸ್ವಂತ ಮಗಳ ಕಾರಲ್ಲೇ ಒಂದು ದಿನ ಕೂತಿಲ್ಲ. ಬಸ್ಸಲ್ಲಿ ಗೆಳತಿಯರು ಸಿಗ್ತಾರೆ ಅಂತ ನೆಪ ಹೇಳ್ತಿದ್ರು. ‘ನಮ್ಮ ಅಳಿಯ ಭಾನುವಾರ ಭಾನುವಾರ ಆ ಕಾರಲ್ಲಿ ಒಬ್ರೇ ಕೂತಿರ್ತಾರಂತೆ. ಓಡಿಸೋ ಆಸೆ, ಕೂರಿಸ್ಕೊಂಡು ಹೋಗೋಕೆ ಜನ ಇಲ್ಲ. ನನ್ನ ಮಗಳನ್ನ ಅಷ್ಟು ಚೆನ್ನಾಗಿ ನೋಡ್ಕೊಂಡ ಮನುಷ್ಯ. ಅವ್ರಿಗೋಸ್ಕರ ಇಷ್ಟು ತಡ್ಕೋತೀನಿ. ದಾರೀಲಿ ಪ್ರಾಣ ಹೋಗದ ಹಾಗೆ ಏನು ಜಪ ಮಾಡ್ಲಿ’ ಅಂತ ಕೇಳಿದ್ರು.”

ತೊಕುನಾಗಾ ತನ್ನ ಬಿಳಿ ಕೈಗವಸನ್ನು ಒಂದೊಂದು ಬೆರಳಿಗೂ ಎಳೆದು ಬಿಗಿ ಮಾಡಿಕೊಂಡ. ಆಮೇಲೆ ಕಾರಿನ ಕೀಯನ್ನು ಗುರುಗಳ ಕೈಯಿಂದ ಮೆಲ್ಲನೆ ತೆಗೆದುಕೊಂಡ. ಹಿಂದಕ್ಕೆ ತೆಗೆಯುವುದು ಹೇಗೆಂದು ಒಮ್ಮೆ ತೋರಿಸಿಕೊಡಿ ಎಂದು ಕೇಳಿದ.

ಪೂಜೆ ಮುಗಿಯಿತು. ಇಳಿಜಾರಿನಲ್ಲಿ ಬ್ರೇಕನ್ನೇ ತುಳಿಯುತ್ತ ಹೋದರೆ ಅದು ಕಾದು ಕೈಕೊಡುತ್ತದೆ, ಗೇರು ತಗ್ಗಿಸಿ ಇಂಜಿನ್ನಿನ ಹಿಡಿತದಲ್ಲೇ ಇಳಿಯಿರಿ ಎಂದು ಗುರುಗಳು ಹೇಳಿ ಕಳುಹಿಸಿದರು. ತೊಕುನಾಗಾ ಬೆಟ್ಟವನ್ನು ಎಷ್ಟು ನಿಧಾನವಾಗಿ ಇಳಿದನೆಂದರೆ, ಅಣಬೆ ಆಯಲು ಬಂದ ಹೆಂಗಸೊಬ್ಬಳು ಪಕ್ಕದಲ್ಲೇ ನಡೆಯುತ್ತ ಅತ್ತೆಯ ಯೋಗಕ್ಷೇಮ ವಿಚಾರಿಸಿಕೊಂಡಳು. ಹಿಂದಿನ ಸೀಟಿನ ಜಪ ಒಂದು ಕ್ಷಣ ನಿಂತು, ಆಕೆಗೆ ಉತ್ತರ ಕೊಟ್ಟು, ಮತ್ತೆ ಶುರುವಾಯಿತು. ತಿರುವಿನಲ್ಲಿ ಅದು ಏರಿದಾಗಲೆಲ್ಲ ತೊಕುನಾಗಾ ಇನ್ನಷ್ಟು ನಿಧಾನ ಮಾಡಿದ. ದಾರಿಯುದ್ದಕ್ಕೂ ತಾನೂ ಒಳಗೊಳಗೇ ಅದನ್ನೇ ಜಪಿಸಿದ.

ಅತ್ತೆಯ ಮನೆ ಬಂತು. ಅವರು ಇಳಿದಾಗ ಮುಖ ತೋಫುವಿನ ಹಾಗೆ ಬಿಳುಚಿಕೊಂಡಿತ್ತು. ಆದರೂ ಕೂದಲು ಸರಿ ಮಾಡಿಕೊಂಡು ನೆಟ್ಟಗೆ ನಿಂತರು.

“ಓಡಿಸೋವಾಗ ಖುಷಿಯಾಯ್ತಾ ಅಳಿಯಂದ್ರೇ?”

ಜೀವಮಾನದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲದ ತೊಕುನಾಗಾ ಹೇಳಿದ: “ತುಂಬಾ ಖುಷಿಯಾಯ್ತು ಅತ್ತೆ. ನಿಮಗೆ?”

“ನನಗಾ? ತೊಟ್ಟಿಲಲ್ಲಿ ಮಲಗಿದ ಹಾಗಿತ್ತು,” ಎಂದರು ಅತ್ತೆ, ಕಾರಿನ ಕಡೆ ನೋಡದೆ. ಒಂದೆರಡು ಹೆಜ್ಜೆ ಹೋದವರು ನಿಂತರು. ಅಳಿಯನ ದಣಿದ ಮುಖವನ್ನು ನೋಡಿ, ಸವಾರಿ ಇಷ್ಟು ಬೇಗ ಮುಗಿದದ್ದಕ್ಕೆ ಅವನಿಗೆ ಬೇಸರವೆಂದು ಅವರಿಗೆ ತೋರಿರಬೇಕು. ತಿರುಗಿ ಬಂದು ಕಿಟಕಿಗೆ ಬಾಗಿದರು.

“ಬರೋ ತಿಂಗಳು ಕಡಲ ದಾರೀಲಿ ಹೋಗೋಣ. ತಿರುವು ಜಾಸ್ತಿ ಅಂತಾರೆ, ದೂರಾನೂ ದುಪ್ಪಟ್ಟು. ಆದ್ರೆ ನಿಮಗೆ ಇನ್ನೊಂದಿಷ್ಟು ಹೊತ್ತು ಓಡಿಸೋಕೆ ಸಿಗುತ್ತಲ್ಲ.”

ತೊಕುನಾಗಾ ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡ.

“ನಾನೂ ಅದನ್ನೇ ಹೇಳೋಣ ಅಂತಿದ್ದೆ ಅತ್ತೆ,” ಎಂದ.