ಖಾಲಿ ಬರದ ಪೆನ್ ಡ್ರೈವ್

ಹುಣಸೂರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಮೇಲೆ ನನಗೆ ಒಂದು ವಿಷಯ ಖಾತ್ರಿಯಾಯಿತು. ಮಿಷನ್ನು ಕೆಡೋದು ನಾಲ್ಕೇ ಥರ, ಅದನ್ನು ಹೊತ್ಕೊಂಡು ಬರೋ ಜನ ಮಾತ್ರ ದಿನಕ್ಕೊಂದು ಥರ. ಎರಡು ಸಾವಿರದ ಏಳೋ ಎಂಟೋ ಇಸವಿ. ಪೆನ್ ಡ್ರೈವ್ ಆಗತಾನೆ ಎಲ್ಲರ ಜೇಬಿಗೂ ಬಂದಿತ್ತು, ಅದರ ಹಿಂದೆಯೇ ಒಂದು ವೈರಸ್ ಹುಳವೂ ಬಂತು. ಅದನ್ನು ಹಿಡಿಯೋಕೆ ನಾಲ್ಕು ತಾಲ್ಲೂಕು ಬೈಕಲ್ಲಿ ಅಲೆದೆ. ಬೈಕೊಂಡು ಹೊರಟವನು ಕೊನೆಗೆ ಅದಕ್ಕೆ ಕೈಮುಗಿಯೋ ಹಾಗಾದೆ.

೧. ಭಾವ

ಮೊದಲು ಸಿಕ್ಕಿದ್ದು ಎಚ್.ಡಿ. ಕೋಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಹುಳದ ಕಸುಬು ನೋಡಿ ನಾನು ಅಲ್ಲೇ ಕೂತುಬಿಟ್ಟೆ. ಡ್ರೈವ್ ಒಳಗೆ ಕಣ್ಣಿಗೆ ಕಾಣದ ಹಾಗೆ ಒಂದು ಚೀಟಿ ಬರೆದಿಟ್ಟಿರುತ್ತೆ: ‘ಇದನ್ನು ತೆರೆದ ಕೂಡಲೇ ನನ್ನನ್ನು ಎಬ್ಬಿಸು.’ ನಾವು ಡಬಲ್ ಕ್ಲಿಕ್ ಮಾಡ್ತೀವಿ, ಕಂಪ್ಯೂಟರ್ ಪಾಪ ಆ ಚೀಟಿ ಓದಿ ಎಬ್ಬಿಸುತ್ತೆ. ಅಲ್ಲಿಂದಾಚೆಗೆ ಆ ಕಂಪ್ಯೂಟರಿಗೆ ಯಾವ ಡ್ರೈವ್ ಸಿಕ್ಕಿಸಿದರೂ ಅದರೊಳಗೂ ಅದೇ ಚೀಟಿ, ಅದೇ ಹುಳ. ಎಷ್ಟು ಸಣ್ಣ ಉಪಾಯ, ಎಂಥಾ ತಲೆ! ಅರ್ಧ ದಿನ ಕೂತು ತೆಗೆದೆ. ‘ನೋಡಿ, ಹೊರಗಿನೋರ ಡ್ರೈವ್ ಸ್ಕ್ಯಾನ್ ಮಾಡದೆ ತೆರೀಲೇಬೇಡಿ’ ಅಂತ ಅಂಗಡಿಯವರಿಗೆ ಹೇಳಿ ಬಂದೆ.

ವಾರಕ್ಕೇ ಫೋನು. ಮತ್ತೆ ಬಂದಿದೆ!

‘ಸ್ಕ್ಯಾನ್ ಮಾಡಿದ್ರಾ?’

‘ದೇವ್ರಾಣೆಗೂ ಸಾರ್. ಮೇಷ್ಟ್ರುದ್ದು ಮಾಡ್ದೆ, ಪೊಲೀಸ್ನೋರುದ್ದೂ ಬುಡ್ಲಿಲ್ಲ.’

‘ಮತ್ತೆ ಯಾರದ್ದು ಹಂಗೇ ತೆರೆದ್ರಿ?’

‘ಯಾರ್ದೂ ಇಲ್ಲ… ನಮ್ಮ ಭಾವಂದೊಂದು.’

‘ಅದೂ ಹೊರಗಿನದೇ ಅಲ್ವೇನ್ರೀ?’

ಆ ಕಡೆಯಿಂದ ನೊಂದ ದನಿ ಬಂತು. ‘ಹೆಣ್ ಕೊಟ್ಟಿವ್ನಿ ಸಾರ್ ಅವ್ರ ಮನೆಗೆ. ಅವ್ರ ಡ್ರೈವ್ನ ಅವ್ರ ಮುಂದೇನೇ ಪರೀಕ್ಷೆ ಮಾಡಕಾಯ್ತದಾ?’

೨. ಕೆಲಸದಾಳು

ಪಿರಿಯಾಪಟ್ಟಣದ ಫೋಟೋ ಸ್ಟುಡಿಯೋದವರಿಗೆ ಹುಳ ಏನು ಮಾಡುತ್ತೆ ಅಂತ ತೋರಿಸೋಣ ಅಂತ ಖಾಲಿ ಡ್ರೈವ್ ಒಂದನ್ನು ಸಿಕ್ಕಿಸಿದೆ. ಕಣ್ಣು ಮಿಟುಕಿಸೋದರೊಳಗೆ ಹುಳ ಅದರೊಳಗೆ ಹೋಗಿ ಕೂತಿತ್ತು. ಇನ್ನೊಂದು ಸಿಕ್ಕಿಸಿದೆ. ಅದರೊಳಗೂ ಹಾಜರು.

ಅವರು ಬಾಯಿ ಬಿಟ್ಟುಕೊಂಡು ನೋಡಿದರು. ‘ಯಾರೂ ಏನೂ ಒತ್ತಲಿಲ್ವಲ್ರೀ!’

‘ಹೂಂ, ತಾನಾಗೇ ಹೋಗುತ್ತೆ. ಸರಿ, ಈಗ ಇದನ್ನ ಅಳಿಸ್ತೀನಿ.’

ಅವರು ನನ್ನ ಕೈ ಹಿಡಿದುಕೊಂಡರು. ‘ತಡೀರಿ ಸ್ವಾಮಿ. ಮದುವೆ ಫೋಟೋನ ಒಬ್ಬೊಬ್ಬರ ಡ್ರೈವ್‌ಗೂ ಹಾಕ್ಕೊಟ್ಟು ಹಾಕ್ಕೊಟ್ಟು ನನ್ನ ಬೆರಳು ಸವೆದೋಗಿದೆ. ಇಷ್ಟು ಚುರುಕಾದೋನ್ನ ಯಾಕೆ ಓಡಿಸ್ತೀರಿ? ಆ ಕೆಲ್ಸ ಇವ್ನಿಗೆ ಕಲಿಸಿಕೊಟ್ಟು ಹೋಗಿ.’

೩. ಅವ್ವ

ಮಿರ್ಲೆಯಿಂದ ಒಬ್ಬ ಅಂಗನವಾಡಿ ಟೀಚರಮ್ಮ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಪೆನ್ ಡ್ರೈವ್ ತೆಗೆದು ನನ್ನ ಮುಂದೆ ಇಟ್ಟರು.

‘ಅಣ್ಣ, ಇದ್ರಲ್ಲಿ ನಮ್ಮವ್ವ ಅವ್ಳೆ.’

ಅವರ ತಾಯಿ ಸೋಬಾನೆ ಹಾಡೋದರಲ್ಲಿ ಊರಿಗೇ ಹೆಸರಾದವರಂತೆ. ಮೊಮ್ಮಗಳ ಮದುವೆಗೆ ನಾನೇ ಹಾಡೋದು ಅನ್ನುತ್ತಿದ್ದರಂತೆ. ಕಾಯಿಲೆ ಬಿದ್ದಾಗ ಮಗಳು ಹಾಡಿಸಿ, ರೆಕಾರ್ಡ್ ಮಾಡಿ ಇದರೊಳಗೆ ಹಾಕಿಟ್ಟಿದ್ದರು. ತಾಯಿ ತೀರಿಕೊಂಡರು. ಈ ಭಾನುವಾರ ಆ ಮೊಮ್ಮಗಳ, ಅಂದರೆ ಟೀಚರಮ್ಮನ ಅಣ್ಣನ ಮಗಳ ಮದುವೆ. ಮಿರ್ಲೆಯಲ್ಲೇ ಇರೋ ಆ ಅಣ್ಣನ ಮನೆ ಕಂಪ್ಯೂಟರಿಗೆ ಹಾಕಿದರೆ ಹಾಡೇ ಇಲ್ಲ. ಕೆ.ಆರ್. ನಗರದಲ್ಲಿ ತೋರಿಸಿದ್ದಕ್ಕೆ ‘ಹುಳ ತೆಗೆದಿದ್ದೀವಿ, ಒಳಗೆ ಏನೂ ಉಳಿದಿಲ್ಲ, ಫಾರ್ಮ್ಯಾಟ್ ಮಾಡಿಕೊಡ್ತೀವಿ’ ಅಂದರಂತೆ.

‘ಏನೋ ಒರೆಸಿ ಕೊಡ್ತೀವಿ ಅಂದಂಗಾಯ್ತು. ಕಿತ್ಕೊಂಡು ಬಂದ್ಬುಟ್ಟೆ’ ಅಂದರು. ಕಣ್ಣು ತುಂಬಿತ್ತು.

ಕಂಪ್ಯೂಟರ್ ಆ ಗುಟ್ಟಿನ ಚೀಟಿ ಓದದಿರಲಿ ಅಂತ ಶಿಫ್ಟ್ ಕೀ ಒತ್ತಿಹಿಡಿದು ಸಿಕ್ಕಿಸಿದೆ. ನಿಜ, ಖಾಲಿ. ಆದರೆ ಎಷ್ಟು ಜಾಗ ತುಂಬಿದೆ ಅಂತ ನೋಡಿದರೆ ಸುಮಾರು ತುಂಬಿದೆ! ಆಗ ಹುಳದ ಎರಡನೇ ವಿದ್ಯೆ ಗೊತ್ತಾಯಿತು. ಅದು ನಿಜವಾದ ಫೋಲ್ಡರನ್ನು ಅಳಿಸೋದಿಲ್ಲ, ಬಚ್ಚಿಟ್ಟು, ಅದೇ ಹೆಸರು ಹೇಳ್ಕೊಂಡು ತಾನು ಆ ಜಾಗದಲ್ಲಿ ಕೂರುತ್ತೆ. ಕೆ.ಆರ್. ನಗರದವರು ಕೂತಿದ್ದವನನ್ನು ಓಡಿಸಿದ್ದರು, ಬಚ್ಚಿಟ್ಟಿದ್ದನ್ನು ಹುಡುಕಿರಲಿಲ್ಲ. ಕಪ್ಪು ಪರದೆ ತೆರೆದು, ಬಚ್ಚಿಟ್ಟಿದ್ದನ್ನೆಲ್ಲ ತೋರಿಸು ಅಂತ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದೆ. ‘ಅವ್ವ’ ಅನ್ನೋ ಫೋಲ್ಡರ್ ಬಂದು ಕೂತಿತು.

ಹಾಡು ಹಾಕಿದೆ. ಅಂಗಡಿ ತುಂಬ ಆ ಮುದುಕಿಯ ದನಿ. ಟೀಚರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತರು. ಎರಡು ನುಡಿ ಆಗಿರಬೇಕು, ಹಾಡು ನಿಲ್ಲಿಸಿ ದನಿ ಗದರಿತು: ‘ಲೇ, ಒಲೆ ಮ್ಯಾಲೆ ಹಾಲ್ ಮಡಗಿವ್ನಿ, ಉಕ್ಕೋಯ್ತದೆ, ಎದ್ದೋಗೇ!’

ಟೀಚರಮ್ಮ ಅಳೋದು ಬಿಟ್ಟು ‘ಹೋದೆ ಕಣವ್ವ’ ಅಂತ ಎದ್ದೇ ನಿಂತರು.

೪. ಡಬ್ಬಿ

ಒಂದೇ ಡ್ರೈವ್ ನಂಬಬಾರದು ಅಂತ ನನ್ನ ಹಸಿರು ಡ್ರೈವ್‌ಗೂ ಹಾಡು ಹಾಕಿಕೊಟ್ಟಿದ್ದೆ. ‘ನಿಮ್ಮಣ್ಣನ ಕಂಪ್ಯೂಟರಲ್ಲಿ ಹುಳ ಇದೆ. ಹಾಡು ಕೇಳಿ, ಅಲ್ಲಿಂದ ಏನೂ ಇದಕ್ಕೆ ಹಾಕಬೇಡಿ, ಹಂಗೇ ವಾಪಸ್ ತಂದುಕೊಡಿ’ ಅಂತ ಮೂರು ಸಲ ಹೇಳಿದ್ದೆ.

ಮದುವೆ ಮುಗಿಸಿ ಬಂದರು. ಸ್ಟೀಲ್ ಡಬ್ಬಿ ತುಂಬ ಕಜ್ಜಾಯ, ಮೇಲೆ ನನ್ನ ಡ್ರೈವ್.

‘ಅಣ್ಣ, ಏನೇಳನ! ಮದ್ವೆಣ್ಣನ್ನ ಹಸೆ ಮ್ಯಾಲೆ ಕೂರ್ಸಿ ಹಾಡು ಹಾಕುದ್ವಾ. ಅವ್ವ ಹಾಲು ಅಂತ ಗದರುದ್ಲು ನೋಡಿ, ನಮ್ಮತ್ತಿಗೆ, ಚಿಕ್ಕವ್ವ, ಇಬ್ರು ಸೊಸೇರು, ಆಳೆತ್ತರ ಎಗರಿ ಒಲೆ ಮನೆಗೆ ಓಡುದ್ರು.’

‘ಆಮೇಲೆ?’

‘ಹಾಲು ಉಕ್ತಿತ್ತು ಕಣಣ್ಣ! ಯಾರೋ ಮಡಗಿ ಮರ್ತುಬುಟ್ಟಿದ್ರು!’

ಬಾಯಲ್ಲಿ ಕಜ್ಜಾಯ, ಮನಸ್ಸು ಮಿರ್ಲೆಯ ಒಲೆ ಮುಂದೆ. ಕೈ ಮಾತ್ರ ಅದರ ಪಾಡಿಗೆ ಡ್ರೈವ್ ಸಿಕ್ಕಿಸಿ ಡಬಲ್ ಕ್ಲಿಕ್ ಮಾಡಿಬಿಟ್ಟಿತು. ಶಿಫ್ಟೂ ಇಲ್ಲ, ಸ್ಕ್ಯಾನೂ ಇಲ್ಲ. ಒಳಗೆ ಆ ತಾಯಿಯ ಒಂದು ಫೋಟೋ, ಬಾಗಿಲಲ್ಲಿ ನಿಂತು ನಗುತ್ತಿದ್ದರು. ಜೊತೆಗೆ ಹುಳ.

‘ಟೀಚರಮ್ಮ, ಏನೂ ಹಾಕಬೇಡಿ ಅಂದಿದ್ದೆನಲ್ಲ!’

ಅವರಿಗೆ ನಿಜವಾಗಿಯೂ ಆಶ್ಚರ್ಯ. ‘ಅಯ್ಯೋ, ಡಬ್ಬೀನೇ ಖಾಲಿ ಕಳ್ಸಕಿಲ್ಲ ನಾವು, ಇನ್ನು ಇದನ್ನ ಖಾಲಿ ವಾಪಸ್ ಕೊಡದಾ? ಅವ್ವ ಬೈಯಾಕಿಲ್ವಾ?’

ಹುಳ ಇಷ್ಟು ವೇಗವಾಗಿ ನಾಲ್ಕು ತಾಲ್ಲೂಕು ಹೇಗೆ ಸುತ್ತಿತು ಅಂತ ನನಗೆ ಅರ್ಥವಾಗಿದ್ದು ಆಗ. ಬೇರೆ ಊರಲ್ಲಿ ಅದು ಕಷ್ಟಪಟ್ಟು ಹೋಗಬೇಕಿತ್ತೇನೋ, ನಮ್ಮಲ್ಲಿ ಜನ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು.

ಸಂಜೆ ಹೆಂಡತಿ ಬಂದಾಗ ನನ್ನದೇ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದೆ. ‘ಊರಿಗೆಲ್ಲ ಬುದ್ಧಿ ಹೇಳ್ತೀರಲ್ಲ, ಯಾರ ಡ್ರೈವ್ ಹಾಕಿದ್ರಿ?’ ಅಂದಳು.

‘ಹೊರಗಿನೋರದ್ದಲ್ಲ ಕಣೇ’ ಅಂದೆ.

ಅವಳು ಖಾಲಿ ಡಬ್ಬಿ ಎತ್ತಿಕೊಂಡು ಕೇಳಿದಳು: ‘ಇದಕ್ಕೆ ಚಕ್ಕುಲಿ ತುಂಬಿಕೊಡ್ತೀನಿ. ಡ್ರೈವ್‌ಗೆ ನೀವೇನು ಹಾಕ್ತೀರಿ?’