ಸೀರೆ ಪುಟದ ಮೂರು ಸಲಕರಣೆಗಳ ತೂಕ ಹಾಗೂ ಸಿದ್ದವ್ವನ ಸೆರಗು ಕುರಿತು

ಸಂಖ್ಯೆ: ಜಾ.ಪು./ಸೀರೆ/ಸ್ಥಳಾಂತರ/108/2008-09
ಜಾಲಪುಟ ಶಾಖೆ, ನವನಗರ, ಬಾಗಲಕೋಟೆ
ದಿನಾಂಕ: 18-11-2008

ಸುತ್ತೋಲೆ

ವಿಷಯ: ಇಳಕಲ್ ಸೀರೆಗಳ ಜಾಲಪುಟಕ್ಕಾಗಿ ಮುಕ್ತ ಆಕರದ ಮೂರು ಸಲಕರಣೆಗಳನ್ನು ಹೋಲಿಸುವುದು, ಕೋಡನ್ನು ಹಳೆಯ ಫೋಲ್ಡರಿನಿಂದ ಹೊಸ ಫೋಲ್ಡರಿಗೆ ಸಾಗಿಸುವುದು, ಹಾಗೂ ದಿನಗೂಲಿ ನೌಕರರಾದ ಬಸವೇಶ್ವರಿ ಇವರನ್ನು ಕೆಲಸದಿಂದ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ:
1) ಇದೇ ಶಾಖೆಯ ಹಿಂದಿನ ಸುತ್ತೋಲೆ (ಹೊಸ ಫೋಲ್ಡರಿಗೆ ಸಾಗಿಸುವಾಗ ಕಾಣೆಯಾಗಿದೆ).
2) ಹುನಗುಂದ ಕೇಂದ್ರದ ಸಹಾಯಕ ಜಾಫರಸಾಬ ಇವರ ಮೌಖಿಕ ಆಕ್ಷೇಪಣೆ.
3) ಇಳಕಲ್ಲಿನ ನೇಕಾರ ಮಹಿಳೆ ಸಿದ್ದವ್ವ ಇವರ ಖುದ್ದು ಹಾಜರಿ, ದಿನಾಂಕ 6-11-2008ರಿಂದ ಈ ಗಳಿಗೆಯವರೆಗೆ.

ಈ ಶಾಖೆಯು ನೂರಾ ಏಳು ಸೀರೆಗಳ ಜಾಲಪುಟವನ್ನು ನಡೆಸುತ್ತಿರುವುದು ಎಲ್ಲರಿಗೂ ತಿಳಿದ ವಿಷಯ. ಪುಟದಲ್ಲಿ ಮೊದಲು ಸೀರೆಯ ಮೈ ಕಾಣುತ್ತದೆ. ಅದರ ಮೇಲೆ ಒತ್ತಿದರೆ ಸೆರಗು ಬಿಚ್ಚಿಕೊಳ್ಳುತ್ತದೆ, ಅಥವಾ ಬಿಚ್ಚಿಕೊಳ್ಳತಕ್ಕದ್ದು. ಹೀಗೆ ಬಿಚ್ಚಿಕೊಳ್ಳಲು ಬೇಕಾದ ಕೋಡನ್ನು ಯಾರೋ ಪುಣ್ಯಾತ್ಮರು ಮೊದಲೇ ಬರೆದು, ಬೇಕಾದವರು ಪುಕ್ಕಟೆ ಒಯ್ದು ತಿದ್ದಿಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ಅಂಥ ಸಲಕರಣೆಗಳು ಮೂರು ಸಿಕ್ಕಿರುವುದರಿಂದ ಶಾಖೆಗೆ ತೊಂದರೆ ಉಂಟಾಗಿದೆ. ಆದ್ದರಿಂದ ಕೆಳಗಿನಂತೆ ಆದೇಶಿಸಲಾಗಿದೆ.

1. ಬಾಗಲಕೋಟೆಯ ಸಹಾಯಕ ನಾಗಲಿಂಗ ಇವರು ಜೆಕ್ವೆರಿ ಎಂಬ ಸಲಕರಣೆ ಬೇಕೆಂದೂ, ಹುನಗುಂದದ ಜಾಫರಸಾಬ ಇವರು ಪ್ರೊಟೊಟೈಪ್ ಬೇಕೆಂದೂ ಹಟ ಹಿಡಿದಿರುತ್ತಾರೆ. ಬಾದಾಮಿ ಕೇಂದ್ರವು ಮೂಟೂಲ್ಸ್ ಎಂದು ಬರೆದು ಕಳಿಸಿದೆ. ಬಾದಾಮಿ ಕೇಂದ್ರದಲ್ಲಿ ಕಂಪ್ಯೂಟರಿನ ಮೇಲಿನ ಹೊದಿಕೆಯನ್ನು ಇನ್ನೂ ತೆಗೆಯದ ಕಾರಣ ಸದರಿ ಕೇಂದ್ರದ ಅಭಿಪ್ರಾಯವನ್ನು ನಿಷ್ಪಕ್ಷಪಾತವೆಂದು ದಾಖಲಿಸಲಾಗಿದೆ.

2. ಮೂರರಲ್ಲಿ ಯಾವುದು ಹಗುರವೋ ಅದನ್ನೇ ಆರಿಸತಕ್ಕದ್ದು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಆದರೆ ಕಂಪ್ಯೂಟರಿನವರು ಹೇಳುವ ಕೆ.ಬಿ. (ಕಿಲೋಬೈಟ್) ಎಂಬ ಅಳತೆಯು ಈ ಶಾಖೆಯ ತೂಕ ಮತ್ತು ಅಳತೆಗಳ ಪಟ್ಟಿಯಲ್ಲಿ ಇಲ್ಲದ್ದರಿಂದ, ಮೂರೂ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿ, ಇಳಕಲ್ಲಿನಲ್ಲಿ ಕಲ್ಲಿನ ಲಾರಿಗಳನ್ನು ತೂಗುವ ವೇಬ್ರಿಜ್ ಮೇಲೆ ತೂಗಲಾಯಿತು. ಮುಳ್ಳು ಅಲುಗಲಿಲ್ಲ. ಆದ್ದರಿಂದ ಜವಾನ ಯಂಕಪ್ಪ ಇವರು ಒಂದೊಂದು ಕಟ್ಟನ್ನು ಹಿಡಿದು ನಿಲ್ಲುವುದೆಂದೂ, ಬಂದ ತೂಕದಲ್ಲಿ ಯಂಕಪ್ಪರನ್ನು ಕಳೆಯುವುದೆಂದೂ ತೀರ್ಮಾನಿಸಲಾಯಿತು.

3. ಮೊದಲ ತೂಕಕ್ಕೂ ಎರಡನೆಯದಕ್ಕೂ ನಡುವೆ ಯಂಕಪ್ಪ ಇವರು ಬಸ್ ನಿಲ್ದಾಣದ ಎದುರು ಎರಡು ಪ್ಲೇಟು ಗಿರಮಿಟ್ಟು ತಿಂದು ಬಂದಿರುವುದು ತಡವಾಗಿ ಬೆಳಕಿಗೆ ಬಂದಿದೆ. ಇದರಿಂದ ಹತ್ತು ಕಿಲೋಗೊಂದು ಗೆರೆಯುಳ್ಳ ವೇಬ್ರಿಜ್ಜಿನ ಮುಳ್ಳು ಒಂದು ಗೆರೆ ಜಿಗಿದು, ಪ್ರೊಟೊಟೈಪ್ ಹತ್ತು ಕಿಲೋ ಹೆಚ್ಚು ತೂಗಿತು. ಜಾಫರಸಾಬ ಇವರು "ಲೇ ನಾಗಲಿಂಗ, ಅದು ಕೋಡಿನ ಭಾರ ಅಲ್ಲಲೇ, ಯಂಕಪ್ಪನ ಹೊಟ್ಟ್ಯಾಗಿನ ಗಿರಮಿಟ್ಟಲೇ!" ಎಂದು ವೇಬ್ರಿಜ್ ಮೇಲೆಯೇ ಆಕ್ಷೇಪಣೆ ಸಲ್ಲಿಸಿದರು. ಯಂಕಪ್ಪ ಇವರ ಸಮಜಾಯಿಷಿ: "ಕೋಡ್ ಹೊರು ಅಂದ್ರಿ, ಹೊತ್ತೀನ್ರಿ. ಉಪಾಸ ಇರು ಅಂತ ಯಾರೂ ಹೇಳಿಲ್ರಿ." ಇನ್ನು ಮುಂದೆ ಯಾವುದೇ ಸಲಕರಣೆಯ ಹೋಲಿಕೆ ಮುಗಿಯುವವರೆಗೆ ಜವಾನರು ಏನನ್ನೂ ಸೇವಿಸತಕ್ಕದ್ದಲ್ಲ.

4. ಯಾರಿಗೂ ಅನ್ಯಾಯವಾಗಬಾರದೆಂದು ಮೂರೂ ಸಲಕರಣೆಗಳನ್ನು ಎಲ್ಲ ಪುಟಗಳಿಗೂ ಒಟ್ಟಿಗೇ ಹಚ್ಚಲಾಯಿತು. ಆಗ ಯಾವ ಸೆರಗೂ ಬಿಚ್ಚಿಕೊಳ್ಳಲಿಲ್ಲ. ಇದನ್ನು ಸಮಾನತೆಯೆಂದು ಪರಿಗಣಿಸಲಾಗಿತ್ತು. ಆಮೇಲೆ ಮಾರ್ಪಡಿಸಿ, ಸೋಮವಾರ ಮತ್ತು ಮಂಗಳವಾರ ಜೆಕ್ವೆರಿ, ಬುಧವಾರ ಮತ್ತು ಗುರುವಾರ ಪ್ರೊಟೊಟೈಪ್, ಶುಕ್ರವಾರ ಮತ್ತು ಶನಿವಾರ ಮೂಟೂಲ್ಸ್ ಎಂದು ನಿಗದಿಪಡಿಸಿದ ಮೇಲೆ ಸೆರಗುಗಳು ಬಿಚ್ಚಿಕೊಳ್ಳತೊಡಗಿದವು. ಭಾನುವಾರ ರಜೆ ಇರುವುದರಿಂದ ಸಾರ್ವಜನಿಕರು ಸೀರೆಯ ಮೈಯನ್ನಷ್ಟೇ ನೋಡಿ ತೃಪ್ತರಾಗತಕ್ಕದ್ದು.

5. ಇನ್ನು ಕೋಡಿನ ಸ್ಥಳಾಂತರದ ವಿಷಯ. ಶಾಖೆಯ ಸಿಬ್ಬಂದಿಯೆಲ್ಲ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯ ಕಾಲಕ್ಕೆ ಹಳೆಯ ಊರಿನಿಂದ ನವನಗರಕ್ಕೆ ಮನೆ ಸಾಗಿಸಿದ ಅನುಭವ ಉಳ್ಳವರು. ಹೀಗಾಗಿ ಫೋಲ್ಡರ್ ಸಾಗಿಸಲು ಪ್ರತ್ಯೇಕ ತರಬೇತಿ ಬೇಡವೆಂದು ಭಾವಿಸಲಾಯಿತು. ಹೊಸ ಫೋಲ್ಡರಿನಲ್ಲಿ ನವನಗರದಂತೆಯೇ ಸೆಕ್ಟರುಗಳನ್ನು ಮಾಡಿ, ಪ್ರತಿಯೊಂದು ಚಿತ್ರಕ್ಕೂ ಹೊಸ ನಂಬರು ಕೊಡಲಾಯಿತು. ಯಾರಿಗೂ ಒಳ್ಳೆಯ ನಂಬರು ಮುಲಾಜಿನಿಂದ ಸಿಗಬಾರದೆಂದು ಮೈಗಳಿಗೆ ಒಂದು ಡಬ್ಬಿಯಲ್ಲಿ, ಸೆರಗುಗಳಿಗೆ ಇನ್ನೊಂದು ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಲಾಯಿತು. ಚೀಟಿ ಎತ್ತಿದವರು ಯಂಕಪ್ಪ. ಈ ಕ್ರಮದಲ್ಲಿ ಲವಲೇಶವೂ ಪಕ್ಷಪಾತ ನಡೆದಿಲ್ಲವೆಂದು ದೃಢೀಕರಿಸಲಾಗಿದೆ.

6. ಪರಿಣಾಮವಾಗಿ ನೂರಾ ಏಳು ಸೀರೆಗಳ ಮೈಗೂ ಬೇರೆಯವರ ಸೆರಗು ಬಂದಿದೆ. ಉಲ್ಲೇಖ 3ರ ಸಿದ್ದವ್ವ ಇವರು ತಮ್ಮ ಸೀರೆಯನ್ನು ಪುಟದಲ್ಲಿ ಕಂಡು, ಇಳಕಲ್ಲಿನಿಂದ ಮೊದಲನೆಯ ಬಸ್ಸಿಗೆ ಬಂದು, ಅಧೀಕ್ಷಕರ ಎದುರಿನ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಅವರ ಹೇಳಿಕೆ: "ಏನ್ರಿ ಸಾಹೇಬ್ರ, ಮೈ ನಂದು, ಸೆರಗು ಮತ್ತೊಬ್ಬಾಕೀದು! ಎಳಿಗಿ ಎಳಿ ಕೂಡ್ಸಿ ಬೆರಳು ಸವದಾವ್ರಿ ನಂವು. ನನ್ನ ಸೆರಗು ನನಗ ಹಚ್ಚೂತನಾ ಏಳೂದಿಲ್ಲ ನಾ." ಮರುದಿನದಿಂದ ಅವರು ಮನೆಯಿಂದ ಬಸ್ಸಿನಲ್ಲಿ ಬುತ್ತಿ ತರಿಸಿಕೊಳ್ಳುತ್ತಿರುತ್ತಾರೆ. ಅಧೀಕ್ಷಕರಿಗೂ ಒಂದು ರೊಟ್ಟಿ ಕೊಟ್ಟಿರುತ್ತಾರೆ. ಇದನ್ನು ಪ್ರಭಾವ ಬೀರುವ ಯತ್ನವೆಂದು ಪರಿಗಣಿಸುವ ಮೊದಲೇ ರೊಟ್ಟಿ ಮುಗಿದಿತ್ತು.

7. ದೋಷ ಸರಿಪಡಿಸಲು ನಾಗಲಿಂಗ ಇವರಿಗೆ ಮೂರು ದಿನ ಕೊಡಲಾಯಿತು. ಮೂರನೆಯ ದಿನ ಸಿದ್ದವ್ವ ಇವರ ಸೀರೆಯ ಮೈಯನ್ನು ಒತ್ತಿದಾಗ, ವೇಬ್ರಿಜ್ ಮೇಲೆ ಕಟ್ಟು ಹಿಡಿದು ನಿಂತ ಯಂಕಪ್ಪರ, ದಾಖಲೆಗೆಂದು ತೆಗೆದ ಭಾವಚಿತ್ರ ನಿಧಾನವಾಗಿ ಬಿಚ್ಚಿಕೊಂಡಿತು. ಸಿದ್ದವ್ವ ಇವರು "ಇವನ್ನ ಹೆಗಲ ಮ್ಯಾಲೆ ಹೆಂಗ ಹಾಕ್ಕೊಳ್ಳೂದ್ರಿ?" ಎಂದು ಕೇಳಿದ ಪ್ರಶ್ನೆಗೆ ಉತ್ತರವನ್ನು ಮೇಲಧಿಕಾರಿಗಳಿಂದ ನಿರೀಕ್ಷಿಸಲಾಗಿದೆ.

8. ಈ ನಡುವೆ ಇಳಕಲ್ ಕೇಂದ್ರದಲ್ಲಿ ಚಿತ್ರಗಳಿಗೆ ಹೆಸರು ಬರೆಯುವ ದಿನಗೂಲಿ ಬಸವೇಶ್ವರಿ ಇವರು ಅನುಮತಿ ಇಲ್ಲದೆ ತಮ್ಮದೊಂದು ಫೋಲ್ಡರ್ ಮಾಡಿಕೊಂಡಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಅದರಲ್ಲಿ ಪುಟದ ಮೈ ಒಂದು ಕಡೆ, ಬಣ್ಣ ಮತ್ತು ದಡಿ (ಅಂಚು) ಒಂದು ಕಡೆ, ಸೆರಗು ಬಿಚ್ಚುವ ಕೋಡು ಇನ್ನೊಂದು ಕಡೆ ಇದ್ದು, ಚಿತ್ರಗಳಿಗೆ ನಂಬರಿನ ಬದಲು ನೇಕಾರರ ಹೆಸರು ಇರುತ್ತದೆ. ಶಾಖೆಯು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿರುವಾಗ ಹೀಗೇಕೆ ಎಂದು ಕಾರಣ ಕೇಳಲಾಗಿ, ಅವರು ತಲೆ ಎತ್ತದೆ, "ಮನ್ಯಾಗ ಮೈಯಿಂದು ಹಾಸು ಬ್ಯಾರೆ ಮಾಡ್ತೀವ್ರಿ ಸರ, ಸೆರಗಿಂದು ಬ್ಯಾರೆ. ಕಡೀಕ ಕೂಡಸ್ತೀವಿ. ಸೆರಗಿನ್ಯಾಗ ತಪ್ಪಿದ್ರ ಸೆರಗಷ್ಟ ಬಿಚ್ಚೂದು, ಇಡೀ ಸೀರಿ ಹರಿಯೂದಿಲ್ರಿ" ಎಂದಿರುತ್ತಾರೆ. ಸಲಕರಣೆಗಳ ಬಗ್ಗೆ ಕೇಳಲಾಗಿ, "ಮೂರೂ ಒಂದೊಂದ ಹಚ್ಚಿ ನೋಡೀನ್ರಿ. ಮೂರೂ ಛಲೋ ಅದಾವ. ಒಂದ ಪುಟದಾಗ ಕೂಡ್ಸಿದ್ರಷ್ಟ ಜಗಳಾಡ್ತಾವ್ರಿ. ನಾ ಒಂದ ಇಟಗೊಂಡೀನಿ" ಎಂದಿರುತ್ತಾರೆ. ಅವರ ಫೋಲ್ಡರಿನ ಪುಟದಲ್ಲಿ ಒತ್ತಿದಾಗ ಆ ಸೀರೆಯದೇ ಸೆರಗು ಬಿಚ್ಚಿಕೊಂಡಿತು. ಇದು ನಿಯಮಬಾಹಿರ.

9. ಕೋಡನ್ನು ಮುಟ್ಟುವವರು ಕನಿಷ್ಠ ಹತ್ತನೆಯ ತರಗತಿ ಪಾಸಾಗಿರಬೇಕು. ಬಸವೇಶ್ವರಿ ಇವರು ಏಳನೆಯದಕ್ಕೆ ಶಾಲೆ ಬಿಟ್ಟವರು. ಆದ್ದರಿಂದ ಅವರನ್ನು ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಈ ಕೆಲಸದ ಹೊರತು ಅವರಿಗೆ ಬೇರೆ ಕೆಲಸವಿಲ್ಲವೆಂದು ಸಿದ್ದವ್ವ ಇವರು ಕುರ್ಚಿಯಿಂದಲೇ ಗಮನಕ್ಕೆ ತಂದಿದ್ದು, ಅದನ್ನು ಗಮನಿಸಲಾಗಿದೆ.

10. ಶಾಖೆಯ ಕಾಗದವೆಲ್ಲ ತೂಕಕ್ಕೆ ಖರ್ಚಾಗಿರುವುದರಿಂದ ಇನ್ನು ಮುಂದೆ ಸುತ್ತೋಲೆಗಳು ಜಾಲಪುಟದಲ್ಲಿ ಕಾಣಿಸಿಕೊಂಡ ಗಳಿಗೆಯಿಂದ ಮಾತ್ರ ಜಾರಿಗೆ ಬರತಕ್ಕದ್ದು. ಈ ಸುತ್ತೋಲೆಗೂ, ವಿಶೇಷವಾಗಿ ಇದರ ಕಲಮು 9ಕ್ಕೂ, ಇದೇ ಅನ್ವಯಿಸತಕ್ಕದ್ದು.

11. ಸದರಿ ಸುತ್ತೋಲೆಯನ್ನು ನಾಗಲಿಂಗ ಇವರು ಜಾಲಪುಟಕ್ಕೆ ಎರಡು ಸಲ ಏರಿಸಿದರು. ಎರಡೂ ಸಲ ಯಂಕಪ್ಪ ಬಂದರು. ಜಾಫರಸಾಬ ಇವರು ಏರಿಸಿದಾಗ ಸುತ್ತೋಲೆ ಬಂತು, ಆದರೆ ಅದರ ಕೆಳಗೆ ಯಾರದೋ ಸೆರಗು ಬಂತು. ಆಮೇಲೆ ಎರಡೂ ಹೋದವು. ಅನಿವಾರ್ಯವಾಗಿ ಬಸವೇಶ್ವರಿ ಇವರನ್ನು ಇಳಕಲ್ಲಿನಿಂದ ಕರೆಸಿ, ಏರಿಸುವಂತೆ ಸೂಚಿಸಲಾಯಿತು. ಅವರು ಸುತ್ತೋಲೆಯನ್ನು ಕೊನೆಯ ಸಾಲಿನವರೆಗೆ ಓದಿ, ಕಲಮು 9ನ್ನು ಇನ್ನೊಮ್ಮೆ ಓದಿ, "ಏರಸ್ತೇನ್ರಿ ಸರ. ಆದ್ರ ಪಾಳೀಲೆ ಬರ್ಲಿ. ಮೊದ್ಲ ಸಿದ್ದವ್ವಕ್ಕಂದು. ಒಬ್ಬೊಬ್ಬರನ್ನ ಕರದು, ಇದು ನಿಂದ ಹೌದಲ್ಲ ಅಂತ ಕೇಳಿ ಸೆರಗು ಕೂಡಸ್ಬೇಕು, ದಿನಕ್ಕೊಂದ ಆಕ್ಕೈತಿ. ನಿಮ್ದು ನೂರಾ ಎಂಟನೇದ್ರಿ" ಎಂದು ತಿಳಿಸಿರುತ್ತಾರೆ.

12. ಅಧೀಕ್ಷಕರು ಈ ಪಾಳಿಯನ್ನು ಪರಿಶೀಲಿಸಿ, ಸಿದ್ದವ್ವ ಇವರ ಮುಖವನ್ನೂ ಒಮ್ಮೆ ನೋಡಿ, ಒಪ್ಪಿರುತ್ತಾರೆ. ನೂರಾ ಏಳು ಮುಗಿಯುವುದರೊಳಗೆ ಹೊಸ ಸೀರೆಗಳು ಬಂದಲ್ಲಿ ಅವುಗಳನ್ನು ಸುತ್ತೋಲೆಯ ಹಿಂದೆ ನಿಲ್ಲಿಸಬೇಕೋ ಮುಂದೆ ನಿಲ್ಲಿಸಬೇಕೋ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಲಾಗಿ, ಸೀರೆ ಯಾವಾಗಲೂ ಮುಂದೆ ಎಂದು ಆದೇಶಿಸಲಾಗಿದೆ. ಇಳಕಲ್ಲಿನ ಮಗ್ಗಗಳು ನಿಂತಿರುವ ವರದಿ ಈ ಶಾಖೆಗೆ ಬಂದಿರುವುದಿಲ್ಲ.

(ಸಹಿ ಇದೆ)
ಅಧೀಕ್ಷಕರು
ಜಾಲಪುಟ ಶಾಖೆ

ಪ್ರತಿಗಳು:
1. ನಾಗಲಿಂಗ, ಬಾಗಲಕೋಟೆ: ಮುಟ್ಟದಿರುವ ಸಲುವಾಗಿ.
2. ಜಾಫರಸಾಬ, ಹುನಗುಂದ: ಮುಟ್ಟದಿರುವ ಸಲುವಾಗಿ. ಗಿರಮಿಟ್ಟಿನ ಆಕ್ಷೇಪಣೆಯನ್ನು ಎತ್ತಿಹಿಡಿಯಲಾಗಿದೆ.
3. ಬಾದಾಮಿ ಕೇಂದ್ರ: ಹೊದಿಕೆಯ ಮೇಲೆ ಇಡಲು.
4. ಯಂಕಪ್ಪ, ಜವಾನ: ಇನ್ನು ಉಣ್ಣಬಹುದು.
5. ಸಿದ್ದವ್ವ, ಅಧೀಕ್ಷಕರ ಎದುರಿನ ಕುರ್ಚಿ: ಸೆರಗು ಇಂದು ಮಧ್ಯಾಹ್ನ ಕೂಡಿದೆ, ದಯಮಾಡಿ ಏಳುವುದು.
6. ಬಸವೇಶ್ವರಿ, ಇಳಕಲ್: ಜಾಲಪುಟಕ್ಕೆ ಏರಿಸುವ ಸಲುವಾಗಿ. ಅವಸರವಿಲ್ಲ.